ಮೂರನೇ ಚರಣಕ್ಕೆ ಮುಂಚಿನ ಉಸಿರು

ಬೆಳಗಿನ ಐದೂ ನಲವತ್ತು. ಸಂಗೀತ ಶಾಲೆಯ ಪಕ್ಕದ ಬಾಗಿಲನ್ನು ಕಾವಲುಗಾರ ಅರ್ಧಕ್ಕೆ ತೆರೆದು ಹಿಡಿಯುತ್ತಾನೆ. ಆ ಹೊತ್ತಿಗೆ ಒಳಗೆ ಬರುವವಳು ಒಬ್ಬಳೇ. ಕುತ್ತಿಗೆಗೆ ಬೂದು ಬಣ್ಣದ ಶಾಲು, ಬೆನ್ನಿಗೆ ಸ್ವರಲಿಪಿಯ ಹಾಳೆಗಳಿಂದ ಉಬ್ಬಿದ ಚೀಲ. ಓಣಿಯ ದೀಪ ಹಾಕುವುದಿಲ್ಲ. ಎಡಗೈಯನ್ನು ಗೋಡೆಗೆ ತಾಗಿಸಿಕೊಂಡು ನಡೆಯುತ್ತಾಳೆ, ಏಳನೆಯ ಬಾಗಿಲು ಸಿಕ್ಕಾಗ ತಳ್ಳುತ್ತಾಳೆ.

ಕೋಣೆ ಚಿಕ್ಕದು. ಒಂದು ಕಿಟಕಿ, ಎರಡು ಕುರ್ಚಿ, ನೀರಿನ ಕಲೆ ಬಿದ್ದ ಚಾವಣಿ, ಮತ್ತು ಕೋಣೆಯ ಮುಕ್ಕಾಲು ಭಾಗವನ್ನು ತಾನೇ ನುಂಗಿ ಕೂತಿರುವ ಕರಿ ಪಿಯಾನೊ. ಆಕೆ ಮುಚ್ಚಳ ತೆರೆಯುತ್ತಾಳೆ, ಹಾಳೆ ಹರಡುತ್ತಾಳೆ, ಕೂರುತ್ತಾಳೆ. ನುಡಿಸುವುದಿಲ್ಲ. ಕೈಗಳು ತೊಡೆಯ ಮೇಲೇ ಇರುತ್ತವೆ. ಹಾಡಿನ ಮಾತುಗಳನ್ನು ಓದುತ್ತಾಳೆ, ರಾಗವಿಲ್ಲದೆ, ಪಕ್ಕದ ಮನೆಯವರಿಗೆ ಏನೋ ಸುದ್ದಿ ಹೇಳುವ ಹಾಗೆ. ಒಂದು ಸಾಲು ಓದಿ ನಿಲ್ಲುತ್ತಾಳೆ, ಉಸಿರು ಎಳೆದುಕೊಳ್ಳುತ್ತಾಳೆ, ಮುಂದಿನ ಸಾಲಿಗೆ ಹೋಗುತ್ತಾಳೆ. ಉಸಿರು ಸಾಲದಿದ್ದರೆ ಹಿಂದಕ್ಕೆ ಬಂದು ಮತ್ತೆ ಓದುತ್ತಾಳೆ. ಹೀಗೆ ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಪಿಯಾನೊ ಬಾಯಿ ತೆರೆದುಕೊಂಡು ಸುಮ್ಮನೆ ಇರುತ್ತದೆ.

“ಮೊದಮೊದಲು ಈ ಹುಡುಗಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ” ಎನ್ನುತ್ತಾನೆ ಕಾವಲುಗಾರ. “ಪಿಯಾನೊ ಮುಂದೆ ಕೂತ್ಕೊಂಡು ಪಿಯಾನೊಗೇ ಪಾಠ ಒಪ್ಪಿಸ್ತಾ ಇದ್ದಾಳಲ್ಲಪ್ಪ ಅಂತ.”

ಶಾಲೆಯ ಮಕ್ಕಳು ಆಕೆಯನ್ನು ‘ಏಳನೇ ಅಕ್ಕ’ ಎಂದು ಕರೆಯುತ್ತಾರೆ. ವಯಸ್ಸು ಇಪ್ಪತ್ತನಾಲ್ಕು. ಕೆಲಸಕ್ಕೆ ಸೇರಿ ಎರಡು ವರ್ಷವಾಗುತ್ತಾ ಬಂದಿದೆ. ಹಾಡುವವರು, ಪಿಟೀಲಿನವರು, ಕೊಳಲಿನವರು, ಯಾರೇ ವೇದಿಕೆ ಹತ್ತಲಿ, ಅವರ ಪಕ್ಕದಲ್ಲಿ ಕೂತು ಪಿಯಾನೊ ನುಡಿಸುವುದು ಆಕೆಯ ಕೆಲಸ. ಪಕ್ಕವಾದ್ಯ ಎನ್ನುತ್ತೇವಲ್ಲ, ಅದು. ಚಪ್ಪಾಳೆ ಬಿದ್ದಾಗ ಹಾಡಿದವರು ಬಾಗುತ್ತಾರೆ, ಆಮೇಲೆ ಏನೋ ನೆನಪಾದವರಂತೆ ಪಿಯಾನೊ ಕಡೆ ಕೈ ತೋರಿಸುತ್ತಾರೆ. ಆ ಹೊತ್ತಿಗೆ ಸಭಿಕರು ಚೀಲ ಹುಡುಕುತ್ತಿರುತ್ತಾರೆ. ಕಳೆದ ಕಾರ್ಯಕ್ರಮವೊಂದರ ಹಾಳೆಯಲ್ಲಿ ಹಾಡುಗಾರನ ಹೆಸರಿತ್ತು, ಹೂ ಜೋಡಿಸಿದವರ ಹೆಸರಿತ್ತು, ಕೊನೆಯಲ್ಲಿ ‘ಪಿಯಾನೊ: ಶಾಲೆಯದು’ ಎಂದಿತ್ತು. ಆಕೆ ಅದನ್ನು ಕತ್ತರಿಸಿ ಕಿಟಕಿಯ ಚೌಕಟ್ಟಿಗೆ ಅಂಟಿಸಿದ್ದಾಳೆ. ಬೇಸರಕ್ಕಲ್ಲ, ನಗುವುದಕ್ಕೆ.

ದಿನಕ್ಕೆ ಹನ್ನೊಂದು ಜನ ಈ ಕೋಣೆಗೆ ಬರುತ್ತಾರೆ, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ತಿಂಗಳಿಗೆ ಸುಮಾರು ನೂರನಲವತ್ತು ಹಾಡುಗಳು, ಅದರಲ್ಲಿ ಮೂವತ್ತಾದರೂ ಹೊಸವು. ಒಂದೇ ಹಾಡಿಗೆ ಆಕೆಯ ಬಳಿ ನಾಲ್ಕು, ಐದು, ಒಮ್ಮೊಮ್ಮೆ ಎಂಟು ಪ್ರತಿಗಳಿರುತ್ತವೆ. ಹಾಡುವವರಿಗೆ ಒಬ್ಬರಿಗೊಂದು. ಸ್ವರಗಳು ಎಲ್ಲದರಲ್ಲೂ ಅವೇ. ಬೇರೆಯಾಗಿರುವುದು ಮೇಲಿನ ಪೆನ್ಸಿಲ್ ಗುರುತುಗಳು. ಒಂದು ಸಣ್ಣ ಕೊಂಡಿ ಇದ್ದರೆ ಇಲ್ಲಿ ಇವನು ಕದ್ದು ಉಸಿರು ತೆಗೆದುಕೊಳ್ಳುತ್ತಾನೆ ಎಂದು ಅರ್ಥ. ಎರಡು ಕೊಂಡಿ ಇದ್ದರೆ ಇವಳು ಇಲ್ಲಿ ಹೆದರುತ್ತಾಳೆ ಎಂದು. ಒಂದು ಪ್ರತಿಯ ಅಂಚಿನಲ್ಲಿ ‘ಭುಜ ನೋಡು’ ಎಂದಷ್ಟೇ ಬರೆದಿದೆ. ಇನ್ನೊಂದರಲ್ಲಿ ‘ನೆಗಡಿ ಆದರೆ ಈ ಸಾಲು ಬೇಗ’. ಆ ಹಾಳೆಗಳನ್ನು ತಿರುವುತ್ತಾ ಹೋದರೆ ಯಾರದೋ ಮನೆಯ ಒಳಕೋಣೆಗೆ ಹೇಳದೆ ಕೇಳದೆ ಕಾಲಿಟ್ಟ ಹಾಗಾಗುತ್ತದೆ. ಜನರ ಶಕ್ತಿಯನ್ನು ಬರೆದಿಟ್ಟುಕೊಂಡವರು ಬೇಕಾದಷ್ಟು ಮಂದಿ ಇರಬಹುದು. ಅವರ ಉಸಿರು ಎಲ್ಲಿ ಸಾಲದು ಎಂಬುದನ್ನು ಇಷ್ಟು ಮುತುವರ್ಜಿಯಿಂದ ಬರೆದಿಟ್ಟುಕೊಂಡವರು ಎಷ್ಟು ಜನ?

ಆಕೆಯ ತಂದೆ ಲಿಫ್ಟ್ ಮೆಕ್ಯಾನಿಕ್. ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಳಗಿನ ಪಾಳಿ. ಶಾಲೆಗೆ ರಜೆ ಬಂದರೆ ಮಗಳನ್ನು ನೋಡಿಕೊಳ್ಳುವವರಿಲ್ಲ. ಅಪ್ಪ ತನ್ನ ಸಾಮಾನಿನ ಪೆಟ್ಟಿಗೆಯ ಜೊತೆ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಅವರು ನೋಡಿಕೊಳ್ಳುತ್ತಿದ್ದ ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಮಕ್ಕಳ ನೃತ್ಯದ ತರಗತಿ ಇತ್ತು. ಲಿಫ್ಟು ನಡುಮಹಡಿಯಲ್ಲಿ ನಿಂತಿದ್ದ ಒಂದು ದಿನ ಎಂಟು ವರ್ಷದ ಹುಡುಗಿ ಮೆಟ್ಟಿಲು ಹತ್ತಿ ಹೋಗಿ ಆ ಬಾಗಿಲಲ್ಲಿ ನಿಂತಳು. ಕುಣಿಯುವ ಮಕ್ಕಳನ್ನು ಅವಳು ನೋಡಲಿಲ್ಲವಂತೆ. ಮೂಲೆಯಲ್ಲಿ ಪಿಯಾನೊ ನುಡಿಸುತ್ತಿದ್ದ ಮುದುಕಿ ಒಮ್ಮೆಯೂ ತನ್ನ ಕೈ ನೋಡಿಕೊಳ್ಳದೆ ಮಕ್ಕಳ ಕಾಲುಗಳನ್ನೇ ನೋಡುತ್ತಿದ್ದಳು, ಅದನ್ನು ನೋಡಿದಳಂತೆ.

ಆ ಅಜ್ಜಿಯೇ ಮೊದಲ ಗುರು. ಪಾಠ ಒಂದೇ ಸಾಲಿನದು. “ನಿನ್ನ ಕೈ ಎಲ್ಲಿಗೂ ಓಡಿಹೋಗಲ್ಲ ಕಣೇ, ಅವರ ಕಾಲು ನೋಡು.” ಹುಡುಗಿಗೆ ಹದಿಮೂರು ತುಂಬುವಷ್ಟರಲ್ಲಿ ಅಜ್ಜಿಯ ಬೆರಳುಗಳು ಊದಿಕೊಂಡವು, ಸ್ಟೂಲಿನ ಮೇಲೆ ಅವಳು ಕೂತಳು. ಮುಂದೆ ಸಂಗೀತ ಶಾಲೆ. ಅಲ್ಲಿ ಒಂಟಿ ವಾದನದ ಪರೀಕ್ಷೆಯಲ್ಲಿ ಅಷ್ಟೇನೂ ಚೆನ್ನಾಗಿ ಮಾಡಲಿಲ್ಲ. ತಪ್ಪು ಸ್ವರ ಒಂದೂ ಇರಲಿಲ್ಲ. ಮೇಷ್ಟ್ರು ಮಾತ್ರ, ನೀನು ಯಾರಿಗೋ ಕಾಯ್ತಾ ಇರೋ ಹಾಗೆ ನುಡಿಸ್ತೀಯಲ್ಲ, ಇಲ್ಲಿ ಯಾರೂ ಬರೋದಿಲ್ಲ ಎಂದು ಬೈದರು. ಅವರು ಬೈದದ್ದನ್ನು ಆಕೆ ದಾರಿ ತೋರಿಸಿದರು ಎಂದು ತಿಳಿದುಕೊಂಡಳು. ಮಾರನೆಯ ದಿನವೇ ಹೋಗಿ ಹಾಡುಗಾರರ ವಿಭಾಗದ ಬಾಗಿಲು ತಟ್ಟಿದಳು.

ಕಾಯುವುದನ್ನು ಆಕೆ ಕಲಿತದ್ದು ಮಾತ್ರ ಮನೆಯಲ್ಲಿ. ಅಪ್ಪನಿಗೆ ಉಗ್ಗು. ಕೆಲವು ಮಾತುಗಳು ಸರಾಗವಾಗಿ ಬರುತ್ತವೆ, ಕೆಲವು ಗಂಟಲಲ್ಲಿ ಕೂತುಬಿಡುತ್ತವೆ. ಆಗ ಮನೆಯಲ್ಲಿ ಯಾರೂ ಆ ಪದವನ್ನು ತಾವು ಹೇಳಿ ಮುಗಿಸುವಂತಿಲ್ಲ. ಮುಖ ತಿರುಗಿಸುವಂತಿಲ್ಲ, ತಟ್ಟೆಯ ಕಡೆ ನೋಡುವಂತೆಯೂ ಇಲ್ಲ. ಇದು ತಾಯಿ ಹಾಕಿದ ಕಟ್ಟಳೆ. ಐದು ವರ್ಷದವಳಿದ್ದಾಗ ಒಮ್ಮೆ ಅಪ್ಪ ಹೇಳಹೊರಟ ಮಾತನ್ನು ಮಗಳು ಪಟಕ್ಕನೆ ಹೇಳಿದಳು. ಸರಿಯಾಗಿಯೇ ಹೇಳಿದಳು. ತಾಯಿ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಗದರದೆ, ಇಷ್ಟೇ ಅಂದರು: “ಅಪ್ಪನ ಮಾತು ಅಪ್ಪಂದು. ನಿನಗೆ ಗೊತ್ತಿದ್ರೂ ಅದು ಅಪ್ಪಂದೇ.”

ಅಪ್ಪನನ್ನು ಅವರು ಕೆಲಸ ಮಾಡುವ ಕಟ್ಟಡದ ನೆಲಮಾಳಿಗೆಯಲ್ಲಿ ನಾನು ಭೇಟಿಯಾದಾಗ ಅವರ ಕೈತುಂಬ ಎಣ್ಣೆ. ಮಗಳ ಕೆಲಸದ ಬಗ್ಗೆ ಕೇಳಿದರೆ ಲಿಫ್ಟಿನ ಬಗ್ಗೆ ಮಾತಾಡುತ್ತಾರೆ. ಮಾತು ನಡುನಡುವೆ ನಿಲ್ಲುತ್ತದೆ. ನಿಂತಾಗ ಅವರೂ ಅವಸರಪಡುವುದಿಲ್ಲ. “ನೆಲಕ್ಕೂ ಲಿಫ್ಟಿಗೂ ಒಂದು ನೂಲಿನಷ್ಟು ಹೆಚ್ಚುಕಮ್ಮಿ ಇರಬಾರದು. ಇದ್ರೆ ಜನ ಎಡವ್ತಾರೆ, ಬಯ್ಯೋದು ನನ್ನನ್ನೇ. ಇಲ್ದಿದ್ರೆ ಲಿಫ್ಟಲ್ಲಿ ಬಂದ್ವಿ ಅನ್ನೋದೂ ಅವರಿಗೆ ನೆನಪಿರಲ್ಲ.” ಇದು ದೂರಲ್ಲ. ಹೇಳುವಾಗ ಮುಖದಲ್ಲಿ ಒಂದು ಬಗೆಯ ಜಂಬವೇ ಇದೆ.

ಈ ಲೇಖನಕ್ಕಾಗಿ ನಾನು ಏಳನೇ ಕೋಣೆಯಲ್ಲಿ ಕೂತ ಮೊದಲ ವಾರವೆಲ್ಲ ಬೆರಗಿನಲ್ಲೇ ಕಳೆಯಿತು. ಹಾಡುವವನು ತಾಳ ಎಳೆದರೆ ಪಿಯಾನೊ ಎಳೆಯುತ್ತದೆ, ಓಡಿದರೆ ಓಡುತ್ತದೆ. ಒಬ್ಬ ಹುಡುಗ ಗಂಟಲು ಕಟ್ಟಿಕೊಂಡು ಬಂದ. ಆಕೆ ಏನೂ ಕೇಳದೆ ಇಡೀ ಹಾಡನ್ನು ಅರ್ಧ ಸ್ವರದಷ್ಟು ಕೆಳಗಿನ ಶ್ರುತಿಯಲ್ಲಿ, ಎದುರಿಗಿದ್ದ ಹಾಳೆಯಲ್ಲಿ ಇಲ್ಲದ ಸ್ವರಗಳಲ್ಲಿ ನುಡಿಸಿದಳು. ಇವತ್ತು ಯಾಕೋ ಸಲೀಸಾಗಿತ್ತು ಎಂದು ಹುಡುಗ ಖುಷಿಯಿಂದ ಹೊರಟ. ಹಾಡುವವರು ಮಾಡಿ, ನಿಮ್ಮ ಕೈಗೆ ಸಿಗದೆ ಹೋದ ತಪ್ಪು ಇದೆಯೇ ಎಂದು ಕೇಳಿದೆ. ಆಕೆ ಚೀಲದ ತಳದಿಂದ ಒಂದು ಹಾಳೆ ತೆಗೆದಳು. ಅಂಚು ಮುದುರಿದ ಹಾಡು.

“ಇದರಲ್ಲಿ ಸಿಕ್ತು. ಸಿಕ್ಕಿದ್ದೇ ತಪ್ಪಾಯ್ತು” ಎಂದಳು.

ಅದು ನಾಲ್ಕು ಚರಣಗಳ ಹಾಡು. ಕಡಲ ಅಂಚಿನ ಮನೆಯಲ್ಲಿ ಒಬ್ಬ ಹೆಂಗಸು ಗಂಡನ ದೋಣಿಗಾಗಿ ದಾರಿ ನೋಡುತ್ತಾಳೆ. ಮೊದಲ ಎರಡು ಚರಣದಲ್ಲಿ ಗಂಡ ಹೋದ ಕಥೆ. ಮೂರನೆಯದರಲ್ಲಿ ಏನೂ ಆಗುವುದಿಲ್ಲ, ಅವಳು ಕಾಯುತ್ತಾಳೆ, ಅಷ್ಟೇ. ನಾಲ್ಕನೆಯದರಲ್ಲಿ ದೋಣಿ ಬರುತ್ತದೆ. ಮೂರನೆಯದು, ನಾಲ್ಕನೆಯದು ಎರಡೂ ಒಂದೇ ಪದದಿಂದ, ಒಂದೇ ಮೂರು ಸ್ವರಗಳಿಂದ ಶುರುವಾಗುತ್ತವೆ. ನಾಲ್ಕನೆಯ ಸ್ವರದಲ್ಲಿ ದಾರಿ ಬೇರೆಯಾಗುತ್ತದೆ.

ಹಾಡುತ್ತಿದ್ದವಳು ಆಕೆಯ ಓರಗೆಯ ಹುಡುಗಿ, ಬಸ್ ಕಂಡಕ್ಟರ್ ತಾಯಿಯ ಒಬ್ಬಳೇ ಮಗಳು. ಉದ್ದ ಕಾಲು, ಉದ್ದ ಕತ್ತು, ಆದ್ದರಿಂದ ಇಡೀ ಶಾಲೆಗೆ ‘ಕೊಕ್ಕರೆ’. ದನಿ ಕೇಳಿದವರು ಈ ಅಡ್ಡಹೆಸರನ್ನು ಮರೆಯುತ್ತಾರೆ. ಹೋದ ವರ್ಷದ ಶಾಲೆಯ ಪರೀಕ್ಷೆಯಲ್ಲಿ ಕೊಕ್ಕರೆ ಎರಡನೇ ಚರಣ ಮುಗಿಸಿದಳು. ನಡುವೆ ಎಂಟು ಎಣಿಕೆ ಬರೀ ಪಿಯಾನೊ. ಆಮೇಲೆ ಅವಳು ಬಾಯಿ ತೆರೆದಳು. ಒಂದು ಸ್ವರ, ಎರಡು, ಮೂರು. ನಾಲ್ಕನೆಯದು ಕೆಳಗೆ ಇಳಿಯಬೇಕಿತ್ತು, ಮೇಲಕ್ಕೆ ಹೋಯಿತು. ಕೊಕ್ಕರೆ ಮೂರನೇ ಚರಣವನ್ನು ಹಾರಿ ನಾಲ್ಕಕ್ಕೆ ಬಂದಿದ್ದಳು.

ಹಾಳೆ ಮೂರನೇ ಚರಣದಲ್ಲೇ ತೆರೆದಿತ್ತು. ಏಳನೇ ಅಕ್ಕನ ಕೈ ನಾಲ್ಕಕ್ಕೆ ಹೋಗಿಯಾಗಿತ್ತು. “ನಾನು ಯೋಚನೆ ಮಾಡಲಿಲ್ಲ. ಎಡಗೈಯಲ್ಲಿ ಒಂದೇ ಒಂದು ಸ್ವರ ತಪ್ಪಿತು, ಅದೂ ಮೆತ್ತಗೆ” ಎನ್ನುತ್ತಾಳೆ. ಪರೀಕ್ಷಕರಿಗೆ ಗೊತ್ತಾಗಲಿಲ್ಲ. ಕೊಕ್ಕರೆಗೂ ಗೊತ್ತಾಗಲಿಲ್ಲ. ಹಾಡು ಮುಗಿದಾಗ ಅವಳ ಕಣ್ಣಲ್ಲಿ ನೀರಿತ್ತು, ಅಂಕ ಎಲ್ಲರಿಗಿಂತ ಹೆಚ್ಚು ಬಂತು. ಆ ಸಂಜೆ ಅಪ್ಪನಿಗೆ ಹೇಳಿದಾಗ ಅವರು ನಕ್ಕು ನಕ್ಕು ಚಹಾ ಚೆಲ್ಲಿಕೊಂಡರಂತೆ. ಕೊಕ್ಕರೆಗೆ ನಾಳೆ ಹೇಳೋಣ ಅಂದುಕೊಂಡಳು. ನಾಳೆ ಹನ್ನೊಂದು ಜನ ಕಾದಿದ್ದರು, ನಾಡಿದ್ದು ಮತ್ತೆ ಹನ್ನೊಂದು. ಅವಳ ಸಂತೋಷಕ್ಕೆ ಕಲ್ಲು ಹಾಕಲು ಮನಸ್ಸೂ ಬರಲಿಲ್ಲ. ಮಾತು ಹಾಗೇ ಉಳಿಯಿತು.

ಮೂರು ತಿಂಗಳ ನಂತರ ದೊಡ್ಡ ಗಾಯನ ರಂಗಮಂದಿರದಲ್ಲಿ ಆಯ್ಕೆ ನಡೆಯಿತು. ವರ್ಷಕ್ಕೆ ಆರೇ ಜನ ಎಳೆಯ ಗಾಯಕರನ್ನು ತೆಗೆದುಕೊಳ್ಳುತ್ತಾರೆ. ಒಬ್ಬರಿಗೆ ಎರಡೇ ಅವಕಾಶ, ಮೂರನೆಯ ಸಲ ಬಾಗಿಲು ತಟ್ಟುವಂತಿಲ್ಲ. ಅಲ್ಲಿ ಪಿಯಾನೊಗೆ ರಂಗಮಂದಿರದ ಹಿರಿಯರೇ ಇದ್ದರು. ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ನುಡಿಸುವವರು. ಕೊಕ್ಕರೆ ಅದೇ ಜಾಗದಲ್ಲಿ ಅದೇ ರೀತಿ ಹಾರಿದಳು. ಪಿಯಾನೊ ಮೂರನೇ ಚರಣದಲ್ಲಿ, ದನಿ ನಾಲ್ಕರಲ್ಲಿ. ನಿಲ್ಲಿಸಿ ಮತ್ತೆ ಶುರು ಮಾಡಿಸಿದರು. ಮತ್ತೆ ಹಾರಿದಳು. ಸಾಕು, ಹೋಗಿ ಬನ್ನಿ ಎಂದರು.

ಅವಳಿಗೆ ಏನಾಯಿತೆಂದೇ ಅರ್ಥವಾಗಲಿಲ್ಲ. ಈ ಹಾಡನ್ನು ನಾನು ತಪ್ಪಿದ್ದೇ ಇಲ್ಲವಲ್ಲ ಎಂದು ಹೇಳುತ್ತಲೇ ಇದ್ದಳು. ಕೊನೆಗೆ ಶಾಲೆಯ ಪರೀಕ್ಷೆಯ ದಿನ ತಾಯಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದುದನ್ನು ಹಾಕಿ ಕೇಳಿದಳು. ಎರಡು ಸಲ ಕೇಳಿ ನೇರ ಏಳನೇ ಕೋಣೆಗೆ ಬಂದಳು. ಆವತ್ತು ನಡೆದದ್ದನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದರು. ಎರಡೂ ಒಂದೇ ಆಗಿತ್ತು, ಅಷ್ಟು ಚಿಕ್ಕದಾಗಿತ್ತು.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಎಂಟು ತಿಂಗಳು ಇಬ್ಬರಿಗೂ ಮಾತಿರಲಿಲ್ಲ.

ಒಳ್ಳೆಯದನ್ನು ಮಾಡುವಾಗ ಸದ್ದು ಮಾಡಬಾರದು ಎಂದು ನಾವೆಲ್ಲ ನಂಬಿದ್ದೇವೆ. ಅದರಿಂದಲೇ ಒಬ್ಬರು ಮುಳುಗಬಹುದು ಎಂಬುದು ಈ ಕೋಣೆಗೆ ಬರುವವರೆಗೆ ನನಗೆ ಹೊಳೆದಿರಲಿಲ್ಲ. ಆಕೆ ಕೊಕ್ಕರೆಯನ್ನು ಬೀಳದಂತೆ ಹಿಡಿದಳು. ಎಷ್ಟು ಚೆನ್ನಾಗಿ ಹಿಡಿದಳೆಂದರೆ, ತಾನು ಬಿದ್ದೆನೆಂಬುದೇ ಕೊಕ್ಕರೆಗೆ ತಿಳಿಯಲಿಲ್ಲ. ಸುಮ್ಮನಿರುವುದರಲ್ಲೂ ಎರಡು ಬಗೆಯಿದೆಯೇನೋ. ಒಂದು ಇನ್ನೊಬ್ಬರಿಗಾಗಿ ತೆರೆದಿಟ್ಟದ್ದು, ಇನ್ನೊಂದು ಅವರ ಮೇಲೆ ಮುಚ್ಚಿದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಈ ವರ್ಷ ರಂಗಮಂದಿರದ ನಿಯಮ ಬದಲಾಗಿದೆ. ಪಿಯಾನೊದವರನ್ನು ಬೇಕಾದರೆ ತಾವೇ ಕರೆತರಬಹುದು. ಆಯ್ಕೆಗೆ ಹದಿನೆಂಟು ದಿನ ಇರುವಾಗ ಕೊಕ್ಕರೆ ಏಳನೇ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಇದು ಅವಳ ಎರಡನೆಯ, ಕೊನೆಯ ಅವಕಾಶ. ಒಳಗೆ ಬಾ ಎಂದರೂ ಬರಲಿಲ್ಲ. ಅದೇ ಹಾಡನ್ನೇ ಹಾಡುತ್ತೇನೆ, ನೀನೇ ನುಡಿಸಬೇಕು, ಒಂದು ಷರತ್ತು ಇದೆ ಎಂದಳು.

“ನಾನು ಬಿದ್ರೆ ಬೀಳ್ತೀನಿ. ಹಿಡೀಬೇಡ. ಇಲ್ಲಿ ಅಷ್ಟೇ ಅಲ್ಲ, ಅಲ್ಲೂ.”

ಇಲ್ಲಿ ಹಿಡಿಯುವುದಿಲ್ಲ ಎಂದು ಏಳನೇ ಅಕ್ಕ ಒಪ್ಪಿಕೊಂಡಳು. ಅಲ್ಲಿಯ ಬಗ್ಗೆ ಏನೂ ಹೇಳಲಿಲ್ಲ. ಆಮೇಲೆ ನಾನು ಕೇಳಿದಾಗ ತನ್ನ ಬೆರಳುಗಳನ್ನೇ ನೋಡಿಕೊಂಡಳು. “ಮಾತು ಕೊಡೋದು ಬಾಯಿ. ಹಿಡಿಯೋದು ಕೈ. ಇದು ಆ ಹೊತ್ತಿಗೆ ನನ್ನ ಮಾತು ಕೇಳುತ್ತೋ ಇಲ್ವೋ, ನನಗೇ ಗೊತ್ತಿಲ್ಲ.”

ಕೊಕ್ಕರೆಯ ತೊಂದರೆ ವಿಚಿತ್ರವಾದದ್ದು. ಇಬ್ಬರೇ ಇದ್ದಾಗ ತಪ್ಪುವುದೇ ಇಲ್ಲ. ಎದುರಿಗೆ ಕೇಳುವವರು ಕೂತರೆ ಸಾಕು, ಮೂರನೇ ಚರಣ ಮನಸ್ಸಿನಿಂದ ಜಾರುತ್ತದೆ. ಆದ್ದರಿಂದ ಏಳನೇ ಅಕ್ಕ ಕೇಳುವವರನ್ನು ಹಿಡಿದು ತರತೊಡಗಿದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಎರಡು ಕುರ್ಚಿಗಳ ಮೇಲೆ ದಿನಕ್ಕೊಬ್ಬರೋ ಇಬ್ಬರೋ ಕೂರುತ್ತಾರೆ. ಕಾವಲುಗಾರ, ಕಚೇರಿಯ ಗುಮಾಸ್ತೆ, ಕಿಟಕಿ ಒರೆಸಲು ಬಂದವನು, ಒಂದು ದಿನ ಅಂಚೆಯವನು. ನಗಬೇಡಿ, ತಲೆಯಾಡಿಸಬೇಡಿ, ಪರೀಕ್ಷಕರ ಹಾಗೆ ಮುಖ ಇಟ್ಟುಕೊಳ್ಳಿ ಎಂದು ಮೊದಲೇ ಹೇಳಿರುತ್ತಾಳೆ. ಕಾವಲುಗಾರ ಅದನ್ನು ಎಷ್ಟು ಮನಸ್ಸಿಗೆ ತಗೊಂಡನೆಂದರೆ, ಅವನ ಮುಖ ನೋಡಿ ಕೊಕ್ಕರೆ ಮೊದಲ ಸಾಲಿಗೇ ನಿಂತುಬಿಟ್ಟಳು. ಹಲ್ಲುನೋವು ಬಂದವರ ಹಾಗಲ್ಲ ಅಣ್ಣ, ಪರೀಕ್ಷಕರ ಹಾಗೆ ಎಂದು ಏಳನೇ ಅಕ್ಕ ತಿದ್ದಬೇಕಾಯಿತು.

ಮೊದಲ ದಿನ ಅವಳು ಹಾರಿದಳು. ಪಿಯಾನೊ ಹಾರಲಿಲ್ಲ. ಮೂರನೇ ಚರಣದ ಸ್ವರಗಳ ಮೇಲೆ ನಾಲ್ಕನೇ ಚರಣದ ದನಿ ಬಿದ್ದು, ಇಡೀ ಕೋಣೆ ಒಡೆದ ಪಾತ್ರೆಯ ಹಾಗೆ ಸದ್ದು ಮಾಡಿತು. ಏಳನೇ ಅಕ್ಕ ನಿಲ್ಲಿಸಲಿಲ್ಲ. ಅವಳ ಬಲಗೈ ಎರಡು ಸಲ ಸರಿಯಲು ಹೋದದ್ದು ಕಾಣುತ್ತಿತ್ತು, ತುಟಿ ಕಚ್ಚಿ ಎಳೆದುಕೊಂಡಳು. ಹಾಡು ನಿಂತಾಗ ಕಾವಲುಗಾರ ಮೆಲ್ಲಗೆ, “ಬಸ್ಸು ಒಂದು ಕಡೆ ಹೋಯ್ತು, ಟಿಕೆಟ್ಟು ಇನ್ನೊಂದು ಕಡೆ” ಎಂದ. ಕಂಡಕ್ಟರ್ ಮಗಳು ಸಿಟ್ಟಾಗುತ್ತಾಳೆ ಅಂದುಕೊಂಡರೆ ಗೋಡೆಗೆ ಒರಗಿ ನಗತೊಡಗಿದಳು. ಎಂಟು ತಿಂಗಳ ಬಿಗುಪು ಅಲ್ಲಿ ಸಡಿಲಿತು.

ಆ ಹದಿನೆಂಟು ದಿನದಲ್ಲಿ ಅವಳು ಏಳು ಸಲ ಬಿದ್ದಳು. ಪ್ರತಿ ಸಲವೂ ಪಿಯಾನೊ ತನ್ನ ಪಾಡಿಗೆ ತಾನು ಮುಂದೆ ಹೋಯಿತು. ಬೇರೆಯವರಿಗಾಗಿ ಅಷ್ಟು ಬಾಗುವ ಕೈ ಇವಳೊಬ್ಬಳಿಗೆ ಬಾಗದೆ ಇರುವುದನ್ನು ನೋಡುವುದು ಕಷ್ಟವಾಗಿತ್ತು. ದೋಣಿ ಬರೋದಕ್ಕೆ ನಿನಗೇನು ಅವಸರ, ಸ್ವಲ್ಪ ಕಾಯೋದು ಕಲಿಯೇ ಎಂದು ಏಳನೇ ಅಕ್ಕ ಛೇಡಿಸುವಳು. ಕಾದು ಕಾದು ಕೂದಲು ಹಣ್ಣಾಗ್ತಾ ಇದೆ ಎಂದು ಇವಳು ಉತ್ತರ ಕೊಡುವಳು. ಆದರೆ ಪ್ರತಿ ದಿನ ಬೆಳಗಿನ ಐದೂ ನಲವತ್ತಕ್ಕೆ, ಯಾರೂ ಇಲ್ಲದಾಗ, ಏಳನೇ ಅಕ್ಕ ಈ ಹಾಡಿನ ಮಾತುಗಳನ್ನು ಕೊಕ್ಕರೆಯ ಉಸಿರಿನಲ್ಲಿ ಓದುತ್ತಿದ್ದಳು. ಮೂರನೇ ಚರಣದ ಮೊದಲ ಸಾಲು ಗಿಡ್ಡ, ಅದಕ್ಕೆ ಎದೆಯ ಮೇಲ್ಭಾಗದ ಉಸಿರು ಸಾಕು. ನಾಲ್ಕನೆಯದರ ಸಾಲು ಉದ್ದ, ಅದಕ್ಕೆ ಪಕ್ಕೆಲುಬು ಅರಳಬೇಕು. ಕೊನೆಯ ಐದು ದಿನ ಕೊಕ್ಕರೆ ಒಮ್ಮೆಯೂ ಬೀಳಲಿಲ್ಲ.

ಆಯ್ಕೆಯ ದಿನ. ರಂಗಮಂದಿರದ ಹಿಂಬದಿಯ ಓಣಿಯಲ್ಲಿ ಬೆಂಚಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಹಾಡುಗಾರರು. ಒಬ್ಬ ಗೋಡೆಯ ಕಡೆ ಮುಖ ಮಾಡಿ ಗುನುಗುತ್ತಿದ್ದಾನೆ, ಇನ್ನೊಬ್ಬಳು ಬಿಸಿನೀರಿನ ಫ್ಲಾಸ್ಕನ್ನು ತೆರೆದು ಮುಚ್ಚಿ ಮಾಡುತ್ತಿದ್ದಾಳೆ. ಕೊಕ್ಕರೆಯ ತಾಯಿ ಕೆಲಸದ ಸಮವಸ್ತ್ರದಲ್ಲೇ ಬಂದಿದ್ದಾರೆ, ಮಧ್ಯಾಹ್ನದ ಪಾಳಿಗೆ ಹೋಗಬೇಕು. ಕೊಕ್ಕರೆಯ ಸರದಿ ಒಂಬತ್ತನೆಯದು. ಒಳಗೆ ಹೋಗುವ ಮುಂಚೆ ಅವಳು ಏಳನೇ ಅಕ್ಕನ ಶಾಲಿನ ತುದಿ ಹಿಡಿದು ಮತ್ತೆ ಕೇಳುತ್ತಾಳೆ, ಹಿಡಿಯೋದಿಲ್ಲ ತಾನೆ? ಉತ್ತರ ಬರುವಷ್ಟರಲ್ಲಿ ಬಾಗಿಲು ತೆರೆಯುತ್ತದೆ.

ವಿಶಾಲವಾದ ಖಾಲಿ ಸಭಾಂಗಣ. ನಡುವಿನ ಸಾಲಿನಲ್ಲಿ ಐದು ಪರೀಕ್ಷಕರು. ಹಿಂದಿನ ಸಾಲಿನಲ್ಲಿ ಜೊತೆಗೆ ಬಂದವರಿಗೆ ಜಾಗ. ಮೊದಲ ಚರಣ ಚೆನ್ನಾಗಿ ಆಗುತ್ತದೆ. ಎರಡನೆಯದು ಇನ್ನೂ ಚೆನ್ನಾಗಿ. ಪರೀಕ್ಷಕರಲ್ಲಿ ಒಬ್ಬರು ಪೆನ್ನು ಕೆಳಗಿಡುತ್ತಾರೆ. ಆಮೇಲೆ ಎಂಟು ಎಣಿಕೆಯ ಬರೀ ಪಿಯಾನೊ. ಐದು, ಆರು, ಏಳು. ಕೊಕ್ಕರೆ ಉಸಿರು ತೆಗೆದುಕೊಳ್ಳುತ್ತಾಳೆ. ಎಂಟು.

ಎಂಟು ಮುಗಿಯುವುದಿಲ್ಲ.

ಕೊನೆಯ ಸ್ವರದ ಮೇಲೆ ಏಳನೇ ಅಕ್ಕನ ಬೆರಳು ನಿಂತಿದೆ. ಸ್ವರ ತೆಳ್ಳಗಾಗುತ್ತಾ ಹೋಗುತ್ತದೆ, ಆದರೂ ಎತ್ತುವುದಿಲ್ಲ. ಅವಳು ಕೊಕ್ಕರೆಯ ಕಡೆ ತಿರುಗಿದ್ದಾಳೆ. ಮುಖದಲ್ಲಿ ಸೂಚನೆಯಿಲ್ಲ, ಸನ್ನೆಯಿಲ್ಲ, ತುಟಿ ಅಲುಗುತ್ತಿಲ್ಲ. ಬರೀ ನೋಡುತ್ತಿದ್ದಾಳೆ. ಎಷ್ಟು ಹೊತ್ತು? ಕಣ್ಣು ಎರಡು ಸಲ ಮಿಟುಕಿಸುವಷ್ಟು ಇರಬಹುದು. ಅಷ್ಟರಲ್ಲಿ ಆ ದೊಡ್ಡ ಸಭಾಂಗಣದ ಗಾಳಿ ದಪ್ಪವಾದ ಹಾಗಿತ್ತು. ನನ್ನ ಪಕ್ಕದಲ್ಲಿ ಕೂತ ಕೊಕ್ಕರೆಯ ತಾಯಿಯ ಕೈ ಟಿಕೆಟ್ ಚೀಲದ ಪಟ್ಟಿಯನ್ನು ಹಿಡಿದುಕೊಂಡಿತು. ಕೊಕ್ಕರೆಯ ಭುಜ ಸ್ವಲ್ಪ ಕೆಳಗಿಳಿಯಿತು. ಅವಳು ಹಾಡಿದಳು. ಒಂದು, ಎರಡು, ಮೂರು ಸ್ವರ. ನಾಲ್ಕನೆಯದು ಕೆಳಗಿಳಿಯಿತು.

ಮೂರನೇ ಚರಣ. ಏನೂ ಆಗದ ಚರಣ. ಹೆಂಗಸು ಕಾಯುತ್ತಾಳೆ, ಅಷ್ಟೇ. ಅಷ್ಟನ್ನು ಕೇಳಿ ಹಿಂದಿನ ಸಾಲಿನಲ್ಲಿದ್ದ ಅಪರಿಚಿತರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.

ಫಲಿತಾಂಶಕ್ಕೆ ಮೂರು ಗಂಟೆ ಕಾಯಬೇಕಿತ್ತು. ತಾಯಿ ಪಾಳಿಗೆ ಹೋದರು. ಇಬ್ಬರೂ ರಂಗಮಂದಿರದ ಮೆಟ್ಟಿಲ ಮೇಲೆ ಕೂತು ಬ್ರೆಡ್ ಹರಿದು ತಿನ್ನುತ್ತಿದ್ದರು. ಕೊಕ್ಕರೆಯ ಮುಖ ಬೆಳಗುತ್ತಿತ್ತು. ಈ ಸಲ ನಾನೊಬ್ಬಳೇ ದಾಟಿದೆ ಅಲ್ವೇನೇ ಎಂದು ಒಂದಲ್ಲ, ಹತ್ತು ಸಲ ಹೇಳಿದಳು. ಏಳನೇ ಅಕ್ಕ ತುತ್ತು ನುಂಗಿ, ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸಿದಳು. ಹೋದ ವರ್ಷ ಹೇಳದೆ ಉಳಿಸಿಕೊಂಡದ್ದೂ ಇಂಥದೇ ಮಾತನ್ನು. ಈ ಸಲವೂ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ನೀನು ಎಳ್ಕೊಂಡದ್ದು ನಾಲ್ಕನೇ ಚರಣದ ಉಸಿರು” ಎಂದಳು.

ಕೊಕ್ಕರೆ ಅಗಿಯುವುದನ್ನು ನಿಲ್ಲಿಸಿದಳು.

“ಪಕ್ಕೆ ಪೂರ್ತಿ ಅರಳಿತ್ತು. ಇನ್ನೇನು ಹಾರೋಳಿದ್ದೆ.”

“ಹಿಡಿದೆಯಾ ಹಾಗಾದ್ರೆ?”

“ಇಲ್ಲ. ಕೈ ಹೊರಟಿತ್ತು. ನಿಲ್ಲಿಸ್ದೆ. ಅಪ್ಪನ ಮುಂದೆ ಕೂರ್ತೀನಲ್ಲ, ಹಾಗೆ ಕೂತೆ.”

ರಸ್ತೆಯಲ್ಲಿ ಎರಡು ಬಸ್ಸು ಹೋದವು. ಕೊಕ್ಕರೆ ತನ್ನ ಉದ್ದನೆಯ ಕಾಲುಗಳನ್ನು ಮಡಚಿ, ಗಲ್ಲವನ್ನು ಮೊಣಕಾಲಿನ ಮೇಲಿಟ್ಟಳು. ಅವಳು ಎದ್ದು ಹೋಗಬಹುದಿತ್ತು. ಮತ್ತೆ ಎಂಟು ತಿಂಗಳು ಮಾತು ಬಿಡಬಹುದಿತ್ತು. ಏಳನೇ ಅಕ್ಕ ಅವಳನ್ನು ನೋಡುತ್ತಾ ಸುಮ್ಮನಿದ್ದಳು, ಸಮಾಧಾನದ ಮಾತು ಒಂದನ್ನೂ ಆಡದೆ.

“ಹಾಳಾದವಳೇ” ಎಂದಳು ಕೊಕ್ಕರೆ ಕೊನೆಗೆ. “ಮೂರು ಗಂಟೆ ಖುಷಿಯಾಗಿರೋಕೂ ಬಿಡಲ್ವಲ್ಲ ನೀನು.” ಆಮೇಲೆ ಉಳಿದ ಬ್ರೆಡ್ಡನ್ನು ಎರಡು ಮಾಡಿ ದೊಡ್ಡ ತುಂಡನ್ನು ಅವಳ ಕಡೆ ಚಾಚಿದಳು. “ಕಾದಿದ್ದು ನೀನು, ಸರಿ. ತಿರುಗಿ ಬಂದಿದ್ದು ನಾನೇ ತಾನೆ?”

“ನೀನೇ.”

“ಹಾಗಾದ್ರೆ ಆಯ್ತು.”

ಪಟ್ಟಿ ಗಾಜಿನ ಬಾಗಿಲಿಗೆ ಬಿದ್ದಾಗ ಸಂಜೆಯಾಗಿತ್ತು. ಆರು ಹೆಸರು. ನಾಲ್ಕನೆಯದು ಕೊಕ್ಕರೆಯದು. ಅವಳು ತಾಯಿಗೆ ಫೋನ್ ಮಾಡಿದಳು, ಮಾತು ಬರದೆ ಫೋನನ್ನು ಏಳನೇ ಅಕ್ಕನ ಕೈಗೆ ಕೊಟ್ಟಳು. ಅವಳು ಅದನ್ನು ವಾಪಸು ಕೊಕ್ಕರೆಯ ಕಿವಿಗೇ ಹಿಡಿದು, ನಿಧಾನವಾಗಿ ಹೇಳು, ಅವರು ಕಾಯ್ತಾರೆ ಎಂದಳು. ಪಟ್ಟಿಯಲ್ಲಿ ಪಿಯಾನೊದವರ ಹೆಸರುಗಳಿರಲಿಲ್ಲ. ಇರಬೇಕೆಂದು ಅಲ್ಲಿ ನಿಂತಿದ್ದ ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ.

ಮಾರನೆಯ ದಿನ ಬೆಳಗಿನ ಐದೂ ನಲವತ್ತಕ್ಕೆ ಏಳನೇ ಕೋಣೆ ಎಂದಿನಂತಿದೆ. ಹೊಸ ಹಾಡು, ಹೊಸ ಹುಡುಗನ ಉಸಿರು. ಅದಕ್ಕೂ ಮುಂಚೆ ಆಕೆ ಅಂಚು ಮುದುರಿದ ಆ ಹಳೆಯ ಹಾಳೆ ತೆಗೆದು, ಎರಡನೇ ಮತ್ತು ಮೂರನೇ ಚರಣದ ನಡುವೆ, ಎಂಟನೇ ಎಣಿಕೆಯ ಮೇಲೆ, ಪೆನ್ಸಿಲಿನಿಂದ ಒಂದು ಸಣ್ಣ ಸೊನ್ನೆ ಬರೆಯುತ್ತಾಳೆ. ಇದುವರೆಗೆ ಬೇರೆ ಯಾವ ಹಾಳೆಯಲ್ಲೂ ಕಂಡಿರದ ಗುರುತು. ಅದರ ಅರ್ಥವನ್ನು ಆಕೆ ಹೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಇಷ್ಟು ಮಾಡುವವರಿಗೆ ಏನು ಬೇಕು? ಹೆಸರು ಅಚ್ಚಾಗಬೇಕೆ, ಒಂದು ದೊಡ್ಡ ವೇದಿಕೆ ಬೇಕೆ ಎಂದು ಕೇಳಿದರೆ ಕಿಟಕಿಗೆ ಅಂಟಿಸಿದ ‘ಪಿಯಾನೊ: ಶಾಲೆಯದು’ ಎಂಬ ಚೀಟಿ ನೋಡಿ ನಗುತ್ತಾಳೆ. ಆಮೇಲೆ ಬಲಗಾಲಿನಿಂದ ಪಿಯಾನೊದ ಪೆಡಲನ್ನು ಮೆಲ್ಲಗೆ ಒತ್ತಿ ಬಿಡುತ್ತಾಳೆ. ಇಲಿಮರಿಯ ಹಾಗೆ ಅದು ಒಮ್ಮೆ ಕಿರ್ ಎನ್ನುತ್ತದೆ. ಕಚೇರಿಗೆ ನಾಲ್ಕು ಸಲ ಬರೆದುಕೊಟ್ಟಾಯಿತಂತೆ. ಅಪ್ಪ ಎಣ್ಣೆಯ ಡಬ್ಬಿ ಹಿಡಿದುಕೊಂಡು ಬರಲು ಎರಡು ವರ್ಷದಿಂದ ತುದಿಗಾಲಲ್ಲಿ ನಿಂತಿದ್ದಾರೆ, ಹೊರಗಿನವರು ಪಿಯಾನೊ ಮುಟ್ಟಬಾರದೆಂದು ಗುಮಾಸ್ತೆ ಬಿಡುತ್ತಿಲ್ಲ.

“ಇದೊಂದು ಸರಿಹೋದ್ರೆ ಸಾಕು” ಎನ್ನುತ್ತಾಳೆ. “ಹಾಡೋರು ಸುಮ್ಮನಾದಾಗ ಇದೊಂದೇ ಕೇಳಿಸುತ್ತೆ. ಆಗ ನನ್ನ ಕಡೆಯಿಂದ ಏನೂ ಕೇಳಿಸಬಾರದು. ಆ ಹೊತ್ತು ಅವರದು.”